ಅಯ್ಯೂಬಾಕನ ನಲವತ್ತೆಂಟು ಮೊಟ್ಟೆ

ಊರಿಗೆ ಬಂದ ಮೇಲೆ ಅಯ್ಯೂಬ್ ಮಾಡಿದ ಮೊದಲ ಕೆಲಸವೆಂದರೆ ದಣಿಯುವುದು. ಇಪ್ಪತ್ತೇಳು ವರ್ಷ ಸೌದಿಯ ಅಲ್ ಖರ್ಜ್ ಕಡೆಯ ಒಂದು ಕೋಳಿ ಫಾರ್ಮಿನಲ್ಲಿ ಲಾರಿ ಓಡಿಸಿದವನಿಗೆ ಅಲ್ಲಿ ದಣಿಯಲಿಕ್ಕೂ ಪುರುಸೊತ್ತು ಇರಲಿಲ್ಲ. ಅಲ್ಲಿ ಬಾಕಿ ಇಟ್ಟಿದ್ದ ದಣಿವೆಲ್ಲ ಮಂಗಳೂರಿನ ಪಡೀಲಿನ ಮನೆಯ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತ ದಿನವೇ ಬಂದು ಮೈಗೆ ಹತ್ತಿತು. ರಾತ್ರಿ ನಿದ್ದೆ ಮಾಡಿದರೂ ಅದು ಹೋಗಲಿಲ್ಲ, ಮಧ್ಯಾಹ್ನ ಮಲಗಿದರೂ ಹೋಗಲಿಲ್ಲ. ಐವತ್ತಾರು ವಯಸ್ಸು ಅಂಥಾ ಮುಪ್ಪೇನೂ ಅಲ್ಲ. ಆದರೂ ಗೇಟಿನವರೆಗೆ ಹೋಗಿ ಪೇಪರ್ ತರುವುದೂ ಒಂದು ಪ್ರಯಾಣ ಅನಿಸತೊಡಗಿತ್ತು.

ಮನೆ ಅವನದೇ. ಒಂದೊಂದು ಕಲ್ಲೂ ಅವನು ಕಳಿಸಿದ ದುಡ್ಡಿನದು. ಆದರೆ ಯಾವ ಸ್ವಿಚ್ ಒತ್ತಿದರೆ ಯಾವ ಲೈಟ್ ಹತ್ತುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಫ್ಯಾನ್ ಹಾಕಲು ಹೋದರೆ ಹೊರಗಿನ ಬಲ್ಬು ಉರಿಯುತ್ತಿತ್ತು. ಹೆಂಡತಿ ಖೈರುನ್ನಿಸಾ ಒಳಗಿನಿಂದ ಬಂದು, ಮಾತಿಲ್ಲದೆ ಸರಿಯಾದ ಸ್ವಿಚ್ ಒತ್ತಿ, ಮಾತಿಲ್ಲದೆ ಹಿಂದೆ ಹೋಗುತ್ತಿದ್ದಳು. ಅವಳೊಮ್ಮೆ ಗದರಿದ್ದರೆ ಅವನಿಗೆ ಹಾಯೆನಿಸುತ್ತಿತ್ತೇನೋ. ಯಾರೂ ಗದರುತ್ತಿರಲಿಲ್ಲ. ನೆಂಟರ ಮನೆಗೆ ಬಂದವನನ್ನು ನೋಡಿಕೊಳ್ಳುವ ಹಾಗೆ ಅವನನ್ನು ನೋಡಿಕೊಳ್ಳುತ್ತಿದ್ದರು. ಆರು ತಿಂಗಳು ನೆಂಟನಾಗಿರುವುದು ಎಷ್ಟು ಕಷ್ಟವೆಂದು ಇದ್ದವನಿಗೇ ಗೊತ್ತು.

ಖೈರುನ್ನಿಸಾಳ ತಮ್ಮ ಆಶಿಕ್‌ಗೆ ಪಂಪ್‌ವೆಲ್‌ನಲ್ಲಿ ಚಪ್ಪಲಿ ಅಂಗಡಿ. ಅವನು ತಿಂಗಳಿಗೆ ಎರಡು ಸಲವಾದರೂ ಮನೆಗೆ ಬಂದು ಒಂದೇ ಮಾತು ಎತ್ತುತ್ತಿದ್ದ.

"ಭಾವ, ಮನೆಯಲ್ಲಿ ಕೂತು ಎಂತ ಮಾಡ್ತೀರಿ? ಅಂಗಡಿಗೆ ಬನ್ನಿ ಮಾರಾಯ್ರೆ. ನೀವು ಎಂತದೂ ಎತ್ಲಿಕ್ಕಿಲ್ಲ, ಇಡ್ಲಿಕ್ಕಿಲ್ಲ. ಗಲ್ಲಾದಲ್ಲಿ ಕೂತರೆ ಸಾಕು."

"ನೋಡುವ," ಎನ್ನುತ್ತಿದ್ದ ಅಯ್ಯೂಬ್. ನೋಡುವ ಎಂದರೆ ಇಲ್ಲ ಎಂದೇ ಅರ್ಥ, ಅದು ಆಶಿಕ್‌ಗೂ ಗೊತ್ತು. ಇಪ್ಪತ್ತೇಳು ವರ್ಷ ಕಫೀಲ, ಅಂದರೆ ಅಲ್ಲಿನ ಧಣಿ, ಕರೆದಾಗ ಎದ್ದು, ಕಳಿಸಿದಲ್ಲಿಗೆ ಹೋಗಿ ಬಂದವನು ಅಯ್ಯೂಬ್. ಆ ಕಫೀಲ ತೀರಿಕೊಂಡು, ಮಕ್ಕಳು ಫಾರ್ಮ್ ಮಾರಿದ್ದಕ್ಕೆ ಊರಿಗೆ ಬಂದದ್ದು. ಇನ್ನು ತನಗಿಂತ ಹದಿನಾಲ್ಕು ವರ್ಷ ಚಿಕ್ಕವನಾದ ಹೆಂಡತಿಯ ತಮ್ಮ ಶಟರ್ ತೆಗೆಯುವ ಹೊತ್ತಿಗೆ ಹೋಗಿ ನಿಲ್ಲಬೇಕೇ? ಎಷ್ಟು ಹೊತ್ತಿಗೆ ಶುರು ಮಾಡಬೇಕು, ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಎಂದು ತಾನೇ ಹೇಳುವಂಥ ಒಂದು ಕೆಲಸ ಸಾಯುವ ಮುಂಚೆ ಅವನಿಗೆ ಬೇಕಿತ್ತು. ದೊಡ್ಡದೇ ಆಗಬೇಕೆಂದಿರಲಿಲ್ಲ.

ಹಾಗೆ ಬಂದದ್ದು ಗೌಜಲಕ್ಕಿಯ ಯೋಚನೆ. ಪೇಟೆಯಲ್ಲಿ ಅದಕ್ಕೆ ಎಲ್ಲರೂ ಕಾಡ ಎನ್ನುತ್ತಾರೆ. ಸಂಜೆ ಗಾಡಿಗಳಲ್ಲಿ ಅದರ ಪುಟ್ಟ ಚುಕ್ಕೆ ಮೊಟ್ಟೆಗಳನ್ನು ಬೇಯಿಸಿ, ಮೆಣಸಿನ ಪುಡಿ ಹಾಕಿ ಕೊಡುತ್ತಾರೆ. ಸೌದಿಯ ಫಾರ್ಮಿನಲ್ಲೂ ಒಂದು ಮೂಲೆಯಲ್ಲಿ ಕಾಡ ಮರಿ ಮಾಡುವ ಕೋಣೆಯಿತ್ತು. ಹದಿನೆಂಟು ದಿನಕ್ಕೆ ಮರಿ, ಒಂದೂವರೆ ತಿಂಗಳಿಗೆ ಆ ಮರಿಯೇ ಮೊಟ್ಟೆ ಇಡುತ್ತದೆ, ಹಿತ್ತಲಿನ ಶೆಡ್ಡಿನಲ್ಲೇ ಸಾಕಬಹುದು. ಅಯ್ಯೂಬ್ ಖೈರುನ್ನಿಸಾಳಿಗೆ ಹೇಳಿದ.

"ಒಂದೇ ಸಲ ಮಾಡಿ ನೋಡ್ತೇನೆ. ಅರ್ಧಕ್ಕರ್ಧ ಮರಿಯಾದರೆ ಇದನ್ನೇ ಮುಂದುವರಿಸ್ತೇನೆ. ಅಂಗಡಿಯ ಸುದ್ದಿ ಎತ್ಬೇಡ ಅಂತ ನಿನ್ನ ತಮ್ಮನಿಗೆ ಹೇಳು. ಆಗದಿದ್ರೆ ನಾನೇ ಹೋಗಿ ಅವನ ಗಲ್ಲಾದಲ್ಲಿ ಕೂತ್ಕೊಳ್ತೇನೆ."

"ಆಯ್ತು," ಎಂದಳು ಖೈರುನ್ನಿಸಾ. ಅವಳು ಎಲ್ಲದಕ್ಕೂ ಆಯ್ತು ಎನ್ನುತ್ತಿದ್ದಳು.

ಉಳ್ಳಾಲಕ್ಕೆ ಮದುವೆಯಾಗಿ ಹೋದ ಮಗಳು ರೈಹಾನಾ ಮೊಬೈಲಿನಲ್ಲಿ ಇನ್‌ಕ್ಯುಬೇಟರ್ ಆರ್ಡರ್ ಮಾಡಿ ಕಳಿಸಿದಳು. ಥರ್ಮಾಕೋಲಿನ ಪೆಟ್ಟಿಗೆ, ಮೇಲೊಂದು ಗಾಜಿನ ಮುಚ್ಚಳ, ಒಳಗೊಂದು ಪುಟ್ಟ ಫ್ಯಾನು, ಬಿಸಿ ಎಷ್ಟಿದೆಯೆಂದು ತೋರಿಸುವ ಕೆಂಪು ಅಂಕಿ, ತಳದಲ್ಲಿ ನೀರು ಹಾಕಲು ಎರಡು ಕಾಲುವೆ. ಒಳಗಿನ ತೇವ ಎಷ್ಟೆಂದು ತೋರಿಸುವ ಸಾಧನ ಅದರಲ್ಲಿರಲಿಲ್ಲ. ಮೊಟ್ಟೆಗೆ ಅಯ್ಯೂಬ್ ವಾಮಂಜೂರಿನ ಡೆರಿಲ್‌ನ ಮನೆಗೆ ಹೋದ. ಡೆರಿಲ್ ಎಂಟು ವರ್ಷದಿಂದ ಕಾಡ ಸಾಕುವವನು. ಮರಿಯಾಗಬಲ್ಲ ನಲವತ್ತೆಂಟು ಮೊಟ್ಟೆ ಆರಿಸಿ, ಹೊಟ್ಟಿನಲ್ಲಿಟ್ಟು ಕೊಟ್ಟ.

"ಮೊದಲ ಸಲ ಅಲ್ವಾ ಅಯ್ಯೂಬಾಕ? ಮೂರ್ನಾಲ್ಕು ದಿನ ಆದ ಮೇಲೆ ಒಮ್ಮೆ ಫೋನ್ ಮಾಡಿ. ಮಳೆಗಾಲದಲ್ಲಿ ಸ್ವಲ್ಪ ಬೇರೆ ಲೆಕ್ಕ ಉಂಟು."

"ನನಗೆ ಇದು ಹೊಸತಲ್ಲ ಡೆರಿಲ್. ಇಪ್ಪತ್ತೇಳು ವರ್ಷ ಹ್ಯಾಚರಿಯಲ್ಲೇ ಇದ್ದವ ನಾನು."

ಹ್ಯಾಚರಿಯಲ್ಲಿ ಇದ್ದದ್ದು ಸುಳ್ಳಲ್ಲ. ಒಳಗಲ್ಲ, ಹೊರಗೆ, ಲಾರಿಯ ಸೀಟಿನಲ್ಲಿ. ಮರಿಗಳ ಪೆಟ್ಟಿಗೆ ತುಂಬುವವರೆಗೆ ಬಾಗಿಲ ಬಳಿ ಕಾಯುತ್ತಿದ್ದಾಗ ಒಳಗೆ ಕಂಡಷ್ಟೇ ಅವನ ವಿದ್ಯೆ. ಕಂಡದ್ದು ಇಷ್ಟು: ಒಬ್ಬ ಸುಡಾನಿ ಮೇಸ್ತ್ರಿ ದಿನವಿಡೀ "ಮೋಯ! ಮೋಯ!" ಎಂದು ಕೂಗುತ್ತಿದ್ದ. ಮೋಯ ಎಂದರೆ ನೀರು. ಆಳುಗಳು ಬಕೆಟ್ಟಿನಲ್ಲಿ ನೀರು ತಂದು ನೆಲಕ್ಕೆ ಚೆಲ್ಲುತ್ತಿದ್ದರು, ಗೋಣಿ ನೆನೆಸಿ ಕಿಟಕಿಗೆ ಕಟ್ಟುತ್ತಿದ್ದರು. ಮರಿಯಾಗಬೇಕಿದ್ದರೆ ನೀರು, ಮತ್ತೂ ನೀರು ಎಂಬುದು ಅಯ್ಯೂಬನ ತಲೆಯಲ್ಲಿ ಗಟ್ಟಿ ಕೂತಿತ್ತು. ಅಲ್ಲಿನ ಗಾಳಿಗೆ ತುಟಿ ಒಡೆದು ರಕ್ತ ಬರುತ್ತಿತ್ತು, ತಟ್ಟೆಯಲ್ಲಿಟ್ಟ ರೊಟ್ಟಿ ಹತ್ತು ನಿಮಿಷಕ್ಕೆ ಹಪ್ಪಳವಾಗುತ್ತಿತ್ತು ಎಂಬುದು ಮಾತ್ರ ಆಗ ನೆನಪಿಗೆ ಬರಲಿಲ್ಲ.

ಜುಲೈ ತಿಂಗಳ ಎರಡನೇ ವಾರ ಮೊಟ್ಟೆಗಳನ್ನು ಕಾವಿಗೆ ಇಟ್ಟ. ದಿನಕ್ಕೆ ಮೂರು ಸಲ ಒಂದೊಂದನ್ನೂ ಕೈಯಲ್ಲಿ ಮಗುಚಬೇಕು. ಯಾವುದನ್ನು ಮಗುಚಿದೆ ಎಂದು ತಿಳಿಯಲು ಪೆನ್ಸಿಲಿನಲ್ಲಿ ಗುರುತು ಹಾಕಿದ. ಮೊಟ್ಟೆಯ ಮೈತುಂಬ ಕಪ್ಪು ಚುಕ್ಕೆ. ಅದರ ನಡುವೆ ಪೆನ್ಸಿಲ್ ಗುರುತನ್ನು ಹುಡುಕುವುದೇ ಒಂದು ಉದ್ಯೋಗವಾಯಿತು. ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ, ಕೊನೆಗೆ ಒಂದು ಕಡೆಗೆ ಬಿಳಿ ನೇಲ್ ಪಾಲಿಷ್ ಚುಕ್ಕೆ ಇಟ್ಟು ಗೆದ್ದ. ಕೋಳಿಮೊಟ್ಟೆಯಾದರೆ ಟಾರ್ಚು ಹಿಡಿದು ಒಳಗೆ ನೋಡಬಹುದಂತೆ. ಇದರ ಬಣ್ಣದ ಸಿಪ್ಪೆಯೊಳಗೆ ಮೊಬೈಲಿನ ಬೆಳಕು ಬಿಟ್ಟರೂ ಏನೂ ಕಾಣುತ್ತಿರಲಿಲ್ಲ. ಕಾಣದಿದ್ದರೆ ಬೇಡ, ನಂಬಿಕೆ ಸಾಕೆಂದುಕೊಂಡ. ಐದನೇ ದಿನದಿಂದ ಶೆಡ್ಡಿನಲ್ಲಿ ಹಲಗೆ ಕೊಯ್ದು, ಬಲೆ ಹೊಡೆದು, ಮೂರು ಅಂತಸ್ತಿನ ಗೂಡನ್ನೂ ಕಟ್ಟತೊಡಗಿದ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಎನ್ನುವುದು ಇದಕ್ಕೇ. ಬೆನ್ನು ನೋಯುತ್ತಿತ್ತು, ಉಸಿರು ಕಟ್ಟುತ್ತಿತ್ತು. ಆದರೆ ಅದು ತಾನು ಬೇಕೆಂದು ತಂದುಕೊಂಡ ದಣಿವು, ಅದರಲ್ಲಿ ಒಂದು ಸುಖವಿತ್ತು.

ಹೊರಗೆ ಮಳೆ ಬಿಟ್ಟ ದಿನವಿಲ್ಲ. ಅಡಿಗೆಮನೆಯಲ್ಲಿ ಭರಣಿಯ ಉಪ್ಪು ನೀರಾಗಿತ್ತು, ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತಿತ್ತು, ಚಾವಡಿಯಲ್ಲಿ ಹಗ್ಗ ಕಟ್ಟಿ ಹಾಕಿದ ಲುಂಗಿ ಮೂರು ದಿನವಾದರೂ ಒಣಗದೆ ವಾಸನೆ ಹೊಡೆಯುತ್ತಿತ್ತು. ಇಂಥ ಮನೆಯಲ್ಲಿ ಅಯ್ಯೂಬ್ ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ನೀರನ್ನು ಎರಡೂ ಕಾಲುವೆಗೆ ಹೊಯ್ಯುತ್ತಿದ್ದ. ಸಾಲದೆಂದು ಒದ್ದೆ ಬಟ್ಟೆಯನ್ನು ಮಡಚಿ ಒಳಗಿಡುತ್ತಿದ್ದ. ಗಾಜಿನ ಮುಚ್ಚಳದ ಒಳಗಡೆ ಹನಿಗಟ್ಟಿ ನೀರು ಇಳಿಯತೊಡಗಿತು. ಅದನ್ನು ನೋಡಿ ಅವನಿಗೆ ಖುಷಿಯಾಯಿತು. ಸುಡಾನಿಯ ಕೋಣೆಯ ಗಾಜೂ ಹೀಗೇ ಇರುತ್ತಿತ್ತು.

ಚಹಾ ತಂದ ಖೈರುನ್ನಿಸಾ ಒಂದು ದಿನ ಆ ಮುಚ್ಚಳವನ್ನು ನೋಡಿ ನಿಂತಳು. ಏನೋ ಹೇಳಲು ಬಾಯಿ ತೆರೆದಳು.

"ಎಂತ?" ಕೇಳಿದ ಅಯ್ಯೂಬ್.

"ಎಂತ ಇಲ್ಲ. ಚೆನ್ನಾಗುಂಟು," ಎಂದು ಲೋಟ ಇಟ್ಟು ಹೋದಳು.

ಆ "ಎಂತ ಇಲ್ಲ" ಅವನಿಗೆ ಹೊಸತಲ್ಲ. ಗಲ್ಫಿಗೆ ಹೋದವರ ಮನೆಗಳಲ್ಲಿ ಅದೊಂದು ಕಟ್ಟಳೆ. ಕಡಲಾಚೆ ಒಬ್ಬನೇ ಇರುವವನಿಗೆ ಬೇಸರದ ಸುದ್ದಿ ಮುಟ್ಟಿಸಬಾರದು. ಅವನಾದರೂ ಅಲ್ಲಿಂದ ಏನು ಮಾಡಬಲ್ಲ? ಅವನ ತಾಯಿ, ಉಮ್ಮ, ತೀರಿಕೊಂಡಾಗ "ಸ್ವಲ್ಪ ಹುಷಾರಿಲ್ಲ" ಎಂದಷ್ಟೇ ಹೇಳಿ, ದಫನವಾದ ಮೂರನೇ ದಿನ ನಿಜ ಹೇಳಿದ್ದರು. ಖೈರುನ್ನಿಸಾಳ ಗರ್ಭಕೋಶ ತೆಗೆದದ್ದು ಅವನಿಗೆ ತಿಳಿದದ್ದು ಎರಡು ವರ್ಷದ ಮೇಲೆ, ರಜೆಗೆ ಬಂದಾಗ ಕಪಾಟಿನಲ್ಲಿ ಆಸ್ಪತ್ರೆಯ ಫೈಲ್ ಕೈಗೆ ಸಿಕ್ಕಿದ್ದರಿಂದ. ಅವನೇನು ಕಡಿಮೆಯೇ? ಲಾರಿ ಮಗುಚಿ ನಲವತ್ತು ದಿನ ಹಾಸಿಗೆ ಹಿಡಿದಿದ್ದಾಗ "ಕೆಲಸ ಜೋರುಂಟು, ಹಾಗೆ ಫೋನ್ ಮಾಡ್ಲಿಕ್ಕೆ ಆಗ್ಲಿಲ್ಲ" ಎಂದಿದ್ದ. ಎರಡೂ ಕಡೆಯವರು ಪರಸ್ಪರ ಸುಳ್ಳು ಹೇಳಿಕೊಂಡು ಸಂಸಾರ ದಡ ಮುಟ್ಟಿಸಿದ್ದರು. ಅದಕ್ಕೆ ಪ್ರೀತಿ ಎಂದೇ ಹೆಸರು, ಮತ್ತು ಅದು ಪ್ರೀತಿಯೇ ಆಗಿತ್ತು.

ಕಾವಿನ ದಿನಗಳು ಹೀಗೇ ಕಳೆದವು. ಕರೆಂಟು ಹೋದಾಗ ಪೆಟ್ಟಿಗೆಗೆ ಕಂಬಳಿ ಹೊದಿಸಿ ಪಕ್ಕದಲ್ಲಿ ಕೂತ. ಶುಕ್ರವಾರ ಜುಮಾ ನಮಾಜಿಗೆ ಹೋದಾಗ ಖೈರುನ್ನಿಸಾ ಅವನು ಹೇಳಿಕೊಟ್ಟ ಹಾಗೆಯೇ, ನೇಲ್ ಪಾಲಿಷ್ ಚುಕ್ಕೆ ನೋಡಿ ನಲವತ್ತೆಂಟನ್ನೂ ಮಗುಚಿದಳು. ಹದಿನೈದನೇ ದಿನದಿಂದ ಮಗುಚುವುದು ನಿಲ್ಲಿಸಿ, ಇನ್ನೊಂದು ಒದ್ದೆ ಬಟ್ಟೆ ಸೇರಿಸಿದ.

ಹದಿನೇಳನೇ ದಿನ ಬೆಳಿಗ್ಗೆ ಪೆಟ್ಟಿಗೆಯೊಳಗಿನಿಂದ ಸದ್ದು ಕೇಳಿಸಿತು. ಮರಿಗಳು ಸಿಪ್ಪೆಯ ಒಳಗಿನಿಂದಲೇ ಚಿಂವ್‌ಗುಡುತ್ತಿದ್ದವು. ಮೊಟ್ಟೆಗಳ ಮೇಲೆ ಅಲ್ಲಲ್ಲಿ ಸಣ್ಣ ಬಿರುಕು ಮೂಡಿತ್ತು. ಅಯ್ಯೂಬ್ ಎಣಿಸಿದ, ಇಪ್ಪತ್ತೊಂಬತ್ತು. ಅರ್ಧಕ್ಕಿಂತ ಐದು ಹೆಚ್ಚು. ಅವನ ಕಣ್ಣು ತುಂಬಿತು. ಮಗಳು ಹುಟ್ಟಿದಾಗ ಅವನು ರಿಯಾದ್ ರಸ್ತೆಯಲ್ಲಿದ್ದ, ಹುಟ್ಟಿದ ಸದ್ದು ಕೇಳಿರಲಿಲ್ಲ.

"ಖೈರೂ, ಇಲ್ಲಿ ಬಾ, ಕಿವಿ ಇಟ್ಟು ಕೇಳು," ಎಂದು ಕೂಗಿದ.

ಅವಳು ಕೈ ಒರಸಿಕೊಳ್ಳುತ್ತ ಬಂದು, ಬಗ್ಗಿ, ಕಿವಿಯಿಟ್ಟಳು. ನಕ್ಕಳು. ನಗು ಪೂರ್ತಿ ಅರಳಲಿಲ್ಲವೆಂದು ಅವನಿಗೆ ಅನಿಸಿತು, ಆದರೆ ಕೇಳುವ ವ್ಯವಧಾನ ಇರಲಿಲ್ಲ.

ಮರುದಿನ ಮೂರು ಮರಿ ಹೊರಗೆ ಬಂದವು. ಒದ್ದೆಯಾಗಿ, ಹೆಬ್ಬೆಟ್ಟಿಗಿಂತ ಚಿಕ್ಕದಾಗಿ, ಬೆನ್ನ ಮೇಲೆ ಹಳದಿ ಪಟ್ಟೆ. ಒಂದು ಮರಿ, ಕಾಲು ಎರಡೂ ಬದಿಗೆ ಜಾರಿ ನಿಲ್ಲಲಾಗದೆ, ಸಂಜೆಯೊಳಗೆ ಸತ್ತಿತು. ಉಳಿದ ಎರಡನ್ನು ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬಿನ ಕೆಳಗೆ ಬಿಟ್ಟ. ಮೊಟ್ಟೆಯೊಳಗಿನ ಸದ್ದು ತೆಳುವಾಗುತ್ತ ಹೋಯಿತು. ಹತ್ತೊಂಬತ್ತನೇ ದಿನ ಮಧ್ಯಾಹ್ನದ ಹೊತ್ತಿಗೆ ಪೂರ್ತಿ ನಿಂತಿತು. ಇನ್ನೂ ಒಂದು ದಿನ ಕಾದ. ಎರಡು ದಿನ ಕಾದ. ಬಿರುಕುಗಳು ಇದ್ದಷ್ಟೇ ಇದ್ದವು.

ಇಪ್ಪತ್ತೊಂದನೇ ದಿನ, ಊಟ ಮುಗಿದ ಮೇಲೆ, ಮೊಟ್ಟೆಗಳನ್ನೆಲ್ಲ ಬುಟ್ಟಿಗೆ ಹಾಕಿಕೊಂಡು ಹಿತ್ತಲಿಗೆ ಹೋದ. ಶೀಟಿನ ಮಾಡಿನಡಿಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಒಂದೊಂದಾಗಿ ಒಡೆದ. ಒಳಗೆ ಪೂರ್ತಿ ಬೆಳೆದ ಮರಿ. ಕೊಕ್ಕು, ಉಗುರು, ರೋಮ ಎಲ್ಲ ಸರಿ. ಕೊಕ್ಕು ಬಿರುಕಿನ ಬಾಯಿಗೇ ತಾಗಿತ್ತು. ಆದರೆ ಸಿಪ್ಪೆ ಬಗ್ಗಿಸಿದರೆ ಅಂಟು ನೀರು ಇಳಿದು ಬೆರಳಿಗೆ ಹತ್ತುತ್ತಿತ್ತು. ಎರಡನೆಯದೂ ಹಾಗೆ, ಮೂರನೆಯದೂ ಹಾಗೆ. ಹತ್ತಾದ ಮೇಲೆ ಒಡೆಯಲು ಕೈ ಬರಲಿಲ್ಲ. ಡೆರಿಲ್‌ಗೆ ಫೋನ್ ಮಾಡಿದ.

"ನೀರು ಎಷ್ಟು ಹಾಕಿದ್ರಿ?" ಡೆರಿಲ್ ಕೇಳಿದ ಮೊದಲ ಪ್ರಶ್ನೆಯೇ ಅದು.

ಅಯ್ಯೂಬ್ ಹೇಳಿದ.

"ಎಂತ ಅಯ್ಯೂಬಾಕ, ಮಂಗಳೂರಿನ ಮಳೆಗೆ ಯಾರಾದ್ರೂ ನೀರು ಹಾಕ್ತಾರಾ? ಕೊನೆಯ ಮೂರು ದಿನ ಬಿಟ್ರೆ ನಾನು ಒಂದು ಹನಿ ಹಾಕುದಿಲ್ಲ. ಮೊಟ್ಟೆಯೊಳಗಿನ ನೀರು ದಿನ ಹೋದ ಹಾಗೆ ಸ್ವಲ್ಪ ಆರ್ಬೇಕು. ಆರಿದ್ರೆ ಅಲ್ಲಿ ಗಾಳಿಗೆ ಜಾಗ ಆಗ್ತದೆ, ಮರಿ ಉಸಿರಾಡ್ತದೆ. ಆರದಿದ್ರೆ ಒಳಗೇ ಮುಳುಗಿ ಸಾಯ್ತದೆ. ಫೋನ್ ಮಾಡಿ ಅಂತ ಹೇಳಿದ್ದೆ ಅಲ್ವಾ?"

"ಹೌದು, ನೀನು ಹೇಳಿದ್ದಿ," ಎಂದ ಅಯ್ಯೂಬ್.

ಫೋನ್ ಇಟ್ಟ ಮೇಲೆ ಬಾಳೆಯ ಬುಡದಲ್ಲಿ ಹಾರೆಯಿಂದ ಒಂದು ಗುಂಡಿ ತೋಡಿದ. ಮಣ್ಣು ಮೆತ್ತಗಿತ್ತು, ಎರಡೇ ಏಟಿಗೆ ಬಾಯಿಬಿಟ್ಟಿತು. ಬುಟ್ಟಿ ಬರಿದು ಮಾಡಿ ಮುಚ್ಚುವಾಗ ಖೈರುನ್ನಿಸಾ ಕೊಡೆ ಹಿಡಿದು ಬಂದು ಪಕ್ಕದಲ್ಲಿ ನಿಂತಳು. ಗುಂಡಿಯನ್ನೂ ಅವನ ಒದ್ದೆ ಬೆನ್ನನ್ನೂ ನೋಡಿದಳು.

"ನೀರು ಜಾಸ್ತಿಯಾಯ್ತಂತೆ," ಎಂದ ಅವಳ ಕಡೆ ನೋಡದೆ. "ನಿನಗೆ ಗೊತ್ತಿತ್ತಾ?"

"ಮೊಟ್ಟೆಯ ವಿಷಯ ನನಗೆಂತ ಗೊತ್ತು. ಈ ಮಳೆಯಲ್ಲಿ ಡಬ್ಬಿಯ ಅಕ್ಕಿಯೇ ಬೂಸ್ಟು ಹಿಡೀತದೆ, ಇವರು ಇನ್ನೂ ಎಂತಕ್ಕೆ ನೀರು ಹೊಯ್ತಾರೆ ಅಂತ ಅನಿಸಿತ್ತು. ದಿನಾ ಅನಿಸಿತ್ತು."

"ಮತ್ತೆ ಹೇಳ್ಬಹುದಿತ್ತಲ್ಲ!"

ಅವನ ಸ್ವರ ಏರಿತ್ತು. ಅವಳು ಬೆಚ್ಚಲಿಲ್ಲ. "ನಿಮಗೆ ಬೇಜಾರಾಗುವಂಥದ್ದು ಹೇಳಿ ನನಗೆ ಅಭ್ಯಾಸ ಇಲ್ಲ. ಬಾಯಿಗೆ ಬರುದೇ ಇಲ್ಲ."

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ ಏನೋ. ಮೂವತ್ತು ಮಳೆಗಾಲ ಈ ಸಂಸಾರದ ಅಕ್ಕಿ, ಉಪ್ಪು, ಬಟ್ಟೆಗಳನ್ನು ಕಾಪಾಡಿದವಳು ಪಕ್ಕದಲ್ಲೇ ಇದ್ದಳು. ಅವನು ಕೇಳಿದ್ದು ಮರುಭೂಮಿಯ ಬಾಗಿಲಲ್ಲಿ ಕಿವಿಗೆ ಬಿದ್ದ ಮಾತನ್ನು. ಸಿಟ್ಟು ಬರಬೇಕಿತ್ತು, ಅದಕ್ಕೂ ತ್ರಾಣವಿರಲಿಲ್ಲ. ಅಯ್ಯೂಬ್ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ.

"ಇನ್ನು ಎಂತ ಉಂಟು, ನನಗೆ ಹೇಳದೆ ಇಟ್ಟದ್ದು?" ಕೇಳಿದ. "ಈಗ ಹೇಳು. ಈಗ ನಾನು ಇಲ್ಲೇ ಇದ್ದೇನಲ್ಲ."

ಖೈರುನ್ನಿಸಾ ಮಾಡಿನಡಿಗೆ ಬಂದು ಕೊಡೆ ಮಡಚಿದಳು. ಮಡಚಿದ ಕೊಡೆಯನ್ನು ಗೋಡೆಗೆ ಒರಗಿಸಲು ಅವಳಿಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

"ಅಂಗಡಿಗೆ ಬನ್ನಿ ಅಂತ ಆಶಿಕ್ ಅವನಾಗಿ ಕರೆದದ್ದಲ್ಲ," ಎಂದಳು. "ಅವನಿಗೆ ಗಲ್ಲಾದಲ್ಲಿ ಜನ ಬೇಕಂತಿಲ್ಲ. ನಾನೇ ಹೇಳಿ ಕರೆಸಿದ್ದು. ಎರಡು ಸಲ ಬೇಡ ಅಂದ. ನಾನು ಕಾಲು ಹಿಡಿಯುದೊಂದು ಬಾಕಿ."

ಅಯ್ಯೂಬ್ ತಲೆಯೆತ್ತಿದ.

"ಇಡೀ ದಿನ ನೀವು ಮನೆಯಲ್ಲಿ ಇದ್ರೆ ನನಗೆ ಆಗುದಿಲ್ಲ. ನೀವು ಕೆಟ್ಟವರಂತಲ್ಲ. ಯಾರಿಗೂ ಒಂದು ಮಾತು ಹೇಳಿದವರಲ್ಲ ನೀವು. ಆದರೆ ನನಗೆ ನಿಮ್ಮ ಜೊತೆ ಇದ್ದು ಗೊತ್ತಿಲ್ಲ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಚಾವಡಿಯ ಸೋಫಾದಲ್ಲಿ ಎರಡು ಗಂಟೆ ಮಲಗ್ತಿದ್ದೆ. ಅಷ್ಟೇ ನನಗಿದ್ದದ್ದು. ಈಗ ನೀವು ಜಗಲಿಯಲ್ಲಿ ಒಮ್ಮೆ ಕೆಮ್ಮಿದ್ರೂ ಎಂತ ಬೇಕೋ ಅಂತ ಎದ್ದು ನಿಲ್ತೇನೆ. ಆರು ತಿಂಗಳಾಯ್ತು ನಾನು ಸರಿ ಮಲಗಿ. ನನಗೆ ಬಚ್ಚಿದೆ."

ಬಚ್ಚಿದೆ ಎಂದರೆ ದಣಿದಿದ್ದೇನೆ ಎಂದು. ಇಷ್ಟು ದಿನ ಈ ಮನೆಯ ದಣಿವೆಲ್ಲ ತನ್ನೊಬ್ಬನದೇ ಎಂದುಕೊಂಡಿದ್ದ ಅಯ್ಯೂಬ್. ಅವಳ ಕಣ್ಣ ಕೆಳಗಿನ ಕಪ್ಪು ಅವನಿಗೆ ಕಂಡದ್ದು ಈಗ. ನೋವಾಯಿತು, ಚೆನ್ನಾಗಿಯೇ ನೋವಾಯಿತು. ಬೇರೆ ಯಾರ ಮನೆಗಾದರೂ ಎದ್ದು ಹೋಗೋಣವೆಂದರೆ ಹೋಗಲು ಬೇರೆ ಮನೆಯಿರಲಿಲ್ಲ. ಆದರೂ ಅವಳು ಹೇಳಿದ್ದರಲ್ಲಿ ಒಂದು ಮಾತೂ ಅವನನ್ನು ಸಮಾಧಾನಪಡಿಸಲು ಹೇಳಿದ್ದಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಅವನೊಡನೆ ಹೀಗೆ ಮಾತಾಡಿದ್ದು ಇದೇ ಮೊದಲು.

"ಅಂಗಡಿ ಎಷ್ಟು ಗಂಟೆಗೆ ತೆಗೀತಾನೆ?" ಕೇಳಿದ.

"ಒಂಬತ್ತೂವರೆಗೆ."

"ನಾಳೆಯಿಂದ ಹೋಗ್ತೇನೆ."

ಅವಳು ಬೇಡವೆನ್ನಲಿಲ್ಲ. "ಬುತ್ತಿ ಕಟ್ಟಿ ಕೊಡ್ತೇನೆ," ಎಂದಳು. "ಆದಿತ್ಯವಾರ ಅಂಗಡಿ ಅರ್ಧ ದಿನ. ಅವತ್ತು ಮನೆಗೇ ಬನ್ನಿ ಊಟಕ್ಕೆ."

"ಬರ್ತೇನೆ. ನೀನೀಗ ಹೋಗಿ ಮಲಕ್ಕೋ. ನನಗೆ ಎಂತದೂ ಬೇಡ."

ಖೈರುನ್ನಿಸಾ ಅವನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಸೋಫಾದ ಸ್ಪ್ರಿಂಗ್ ಕಿರ್ರೆಂದದ್ದು ಹಿತ್ತಲಿಗೂ ಕೇಳಿಸಿತು. ಅಯ್ಯೂಬ್ ಕೈಯ ಮಣ್ಣು ತೊಳೆದುಕೊಂಡು ಕಲ್ಲಿನ ಮೇಲೆ ಸುಮ್ಮನೆ ಕೂತ. ಮಳೆಯ ತಂಡಿಗೋ ಏನೋ, ಗಂಟಲಲ್ಲಿ ಕೆರೆತ ಶುರುವಾಯಿತು. ತಡೆದ, ನುಂಗಿದ, ಇನ್ನು ತಡೆಯಲಾಗದು ಎಂದಾದಾಗ ಎದ್ದು, ಮನೆಯ ಬದಿಯಿಂದ ಚಪ್ಪಲಿಯಿಲ್ಲದ ಕಾಲಿನಲ್ಲಿ ಸುತ್ತು ಹಾಕಿ, ಗೇಟಿನ ಅಗುಳಿಯನ್ನು ಸದ್ದಾಗದಂತೆ ಸರಿಸಿ, ಮಳೆಯಲ್ಲೇ ರಸ್ತೆಯ ತಿರುವಿನವರೆಗೆ ನಡೆದು ಹೋಗಿ ಕೆಮ್ಮಿದ.